ಏಳು ಗಂಟೆಯ ಹಳ್ಳ

ನಮ್ಮ ನಗರದ ಜನ ಸಂಜೆ ಏಳರಿಂದ ಎಂಟರವರೆಗೆ ವಿದ್ಯುತ್ ಬಳಸುವುದಿಲ್ಲ ಎಂಬುದು ನಮ್ಮ ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ದಿನದ ಬಳಕೆಯ ಗೆರೆ ಎಳೆದ ನಕ್ಷೆಯಲ್ಲಿ ಅದು ಕಣ್ಣಿಗೆ ಹೊಡೆಯುವಂತೆ ಕಾಣುತ್ತಿತ್ತು. ಬೆಳಗ್ಗೆ ಗೆರೆ ಮೈಮುರಿದು ಏಳುತ್ತದೆ, ಅಂಗಡಿ ಮುಂಗಟ್ಟು ತೆರೆಯುವ ಹೊತ್ತಿಗೆ ಏರುತ್ತದೆ, ಮಧ್ಯಾಹ್ನ ಕೊಂಚ ತೂಕಡಿಸುತ್ತದೆ, ಸಂಜೆ ಆರಕ್ಕೆ ಮತ್ತೆ ಚುರುಕಾಗುತ್ತದೆ. ಏಳು ಹೊಡೆದದ್ದೇ ತಡ, ಬಾವಿಗೆ ಬಿದ್ದ ಕೊಡದಂತೆ ದೊಪ್ಪನೆ ತಳ ಸೇರುತ್ತದೆ. ಎಂಟಕ್ಕೆ ಯಾರೋ ಹಗ್ಗ ಹಾಕಿ ಎಳೆದ ಹಾಗೆ ಮೇಲೆ ಬರುತ್ತದೆ. ವರ್ಷಗಟ್ಟಲೆ ಹೀಗೇ. ನಾವು ಅದನ್ನು ಏಳು ಗಂಟೆಯ ಹಳ್ಳ ಎನ್ನುತ್ತಿದ್ದೆವು.

ನಾವು ಎಂದರೆ ವಿದ್ಯುತ್ ಭವನದ ನಾಲ್ಕನೇ ಮಹಡಿಯ ದೀರ್ಘಾವಧಿ ಯೋಜನಾ ವಿಭಾಗ. ಮುಂದಿನ ಇಪ್ಪತ್ತು ವರ್ಷ ಜನಕ್ಕೆ ಎಷ್ಟು ವಿದ್ಯುತ್ ಬೇಕು, ಅದರಲ್ಲಿ ಬಿಸಿಲಿನದೆಷ್ಟು, ಗಾಳಿಯದೆಷ್ಟು, ನೀರಿನದೆಷ್ಟು ಎಂದು ಇವತ್ತೇ ಬರೆದಿಡುವುದು ನಮ್ಮ ಕೆಲಸ. ವಿಭಾಗದಲ್ಲಿ ನಿರ್ದೇಶಕರಿದ್ದರು, ನಾನಿದ್ದೆ, ಮತ್ತೆ ಸರಾಸರಿ ಇದ್ದ. ಅವನಿಗೆ ಬೇರೆ ಹೆಸರೂ ಇದ್ದಿರಬೇಕು, ಆದರೆ ಏನು ಕೊಟ್ಟರೂ ಕೂಡಿಸಿ ಭಾಗಿಸಿ ವಾಪಸು ಕೊಡುವವನಿಗೆ ಅದರ ಅಗತ್ಯ ಬಿದ್ದಿರಲಿಲ್ಲ. ಅವನ ಲೆಕ್ಕದಲ್ಲಿ ಗಾಳಿ ವರ್ಷವಿಡೀ ಒಂದೇ ಸಮನೆ, ಮಗುವನ್ನು ಮಲಗಿಸುವಷ್ಟು ಮೆತ್ತಗೆ ಬೀಸುತ್ತಿತ್ತು. ನಿಜವಾದ ಗಾಳಿ ಕೆಲವು ತಿಂಗಳು ಮನೆಗಳ ತಗಡು ಹಾರಿಸಿ, ಉಳಿದ ತಿಂಗಳು ಸತ್ತಂತೆ ಬಿದ್ದಿರುತ್ತಿತ್ತು.

ಹಳ್ಳಕ್ಕೊಂದು ಸಿದ್ಧಾಂತವೂ ಇತ್ತು. ಹಿಂದೊಮ್ಮೆ ಹೊರದೇಶದ ಸಲಹೆಗಾರನೊಬ್ಬ ದೊಡ್ಡ ಹೋಟೆಲಿನಲ್ಲಿ ಇಳಿದುಕೊಂಡು, ಅದರ ಜನರೇಟರಿನ ಬೆಳಕಿನಲ್ಲಿ ನಮ್ಮ ನಕ್ಷೆ ನೋಡಿ ಬೆರಗಾಗಿ, ‘ಸಂಜೆಯ ವಿರಾಮ’ ಎಂಬ ಅಧ್ಯಾಯ ಬರೆದುಕೊಟ್ಟಿದ್ದ. ಈ ಜನ ಸೂರ್ಯ ಮುಳುಗಿದ ಮೇಲೆ ಯಂತ್ರಗಳನ್ನು ಬದಿಗಿಟ್ಟು ಮೆಟ್ಟಿಲ ಮೇಲೆ ಕೂತು ಒಬ್ಬರೊಡನೊಬ್ಬರು ಮಾತಾಡುತ್ತಾರೆ, ಈ ಸಂಯಮವನ್ನು ಜಗತ್ತು ಕಲಿಯಬೇಕು ಎಂದು. ನಿರ್ದೇಶಕರಿಗೆ ಆ ಅಧ್ಯಾಯ ಬಾಯಿಪಾಠವಾಗಿತ್ತು.

ಹಳ್ಳದಿಂದ ನಮಗೆ ಲಾಭವೂ ಇತ್ತು. ಬಿಸಿಲಿನ ವಿದ್ಯುತ್ತಿಗಿರುವ ತೊಂದರೆ ಬಿಸಿಲಿಗಿರುವ ತೊಂದರೆಯೇ, ಸಂಜೆ ಹೊರಟುಹೋಗುತ್ತದೆ. ಬೇರೆ ಊರುಗಳ ಯೋಜನೆಗಾರರು ಈ ಸಂಜೆಯನ್ನು ಹೇಗೆ ದಾಟುವುದೆಂದು ತಲೆ ಕೆಡಿಸಿಕೊಳ್ಳುತ್ತಾರೆ. ನಮಗೆ ಆ ಚಿಂತೆಯಿಲ್ಲ, ಏಕೆಂದರೆ ಸಂಜೆ ನಮ್ಮ ಜನಕ್ಕೆ ಏನೂ ಬೇಡ, ಎಂಟರ ಮೇಲಿನ ರಾತ್ರಿಗೆ ಈಗಿರುವ ಅಣೆಕಟ್ಟು, ಗಾಳಿಯಂತ್ರಗಳೇ ಸಾಕು. ಹಗಲಿನ ಬಿಸಿಲಿನ ವಿದ್ಯುತ್ತಿನಿಂದ ನೀರನ್ನು ಗುಡ್ಡದ ಮೇಲಿನ ಕೆರೆಗೆ ಏರಿಸಿ, ಸಂಜೆ ಇಳಿಸಿ, ಅದರಿಂದ ಮತ್ತೆ ವಿದ್ಯುತ್ ತೆಗೆಯುವ ಯೋಜನೆಯೊಂದು ಹಳೆಯ ಕರಡಿನಲ್ಲಿತ್ತು. ಖರ್ಚಿನ ಬಾಬತ್ತೆಂದು ನಿರ್ದೇಶಕರು ಅದನ್ನು ಹೊಡೆದು ಹಾಕಿದ್ದರು. ಉಳಿದದ್ದು ಅಗ್ಗದ, ಚೊಕ್ಕ, ಬರೀ ಬಿಸಿಲಿನ ಇಪ್ಪತ್ತು ವರ್ಷ. ಇನ್ನು ಸಹಿ ಬೀಳುವುದೊಂದೇ ಬಾಕಿ.

ಸಂಜೆ ಕರೆಂಟು ಹೋಗುತ್ತದೆಂದು ನನಗೆ ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿತ್ತು. ಆದರೆ ಮನೆಯ ಗೊತ್ತು ಬೇರೆ, ಕಚೇರಿಯ ಗೊತ್ತು ಬೇರೆ. ಚಪ್ಪಲಿಯಂತೆ ಒಂದನ್ನು ಹೊರಗೆ ಬಿಟ್ಟೇ ಇನ್ನೊಂದರೊಳಗೆ ಹೋಗುವುದು. ಮೇಲಾಗಿ ನಾನು ಕಚೇರಿ ಬಿಡುವುದೇ ಎಂಟಕ್ಕೆ, ಮತ್ತು ವಿದ್ಯುತ್ ಭವನದಲ್ಲಿ ಕರೆಂಟು ಯಾವತ್ತೂ ಹೋಗುವುದಿಲ್ಲ.

ನನ್ನ ಗಂಡ ಹಲ್ಲಿನ ಡಾಕ್ಟರು. ಮನೆಯ ಮುಂದಿನ ಕೋಣೆಯೇ ಕ್ಲಿನಿಕ್ಕು. ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಟೋಕನ್ ಕೊಡುವವರು ನನ್ನ ಅತ್ತೆ. ಹಲ್ಲುನೋವಿನವರು ಕೆಲಸ ಮುಗಿಸಿಕೊಂಡು ಬರುವುದೇ ಸಂಜೆ, ಕೊರೆಯುವ ಯಂತ್ರ ನಿಲ್ಲುವುದೂ ಸಂಜೆಯೇ. ಬ್ಯಾಟರಿ ಹಾಕಿಸಿ ನೋಡಿದ್ದಾಯಿತು, ಅದು ಒಂದು ಬಲ್ಬು ಮತ್ತು ಒಂದು ಫ್ಯಾನಿಗೆ ಸುಸ್ತಾಗುತ್ತಿತ್ತು, ಯಂತ್ರಕ್ಕೆ ಗಾಳಿ ತುಂಬುವ ಕಂಪ್ರೆಸರನ್ನು ಕಂಡರೇ ಕೈಚೆಲ್ಲುತ್ತಿತ್ತು. ಬಾಡಿಗೆಗೆ ಜನರೇಟರ್ ತಂದ ದಿನ, ಅದು ಶುರುವಾದ ಸದ್ದಿಗೆ ಕುರ್ಚಿಯಲ್ಲಿದ್ದವರು ತಮ್ಮ ದವಡೆಯಲ್ಲೇ ಏನೋ ಸಿಡಿಯಿತೆಂದು ಕೊರಳಿನ ಬಟ್ಟೆ ಸಮೇತ ಬೀದಿಗೆ ಓಡಿದ್ದರು. ಅಲ್ಲಿಂದೀಚೆಗೆ ಏಳರಿಂದ ಎಂಟರವರೆಗೆ ನಮ್ಮ ಕ್ಲಿನಿಕ್ಕಿನಲ್ಲಿ ಜನ ಅರ್ಧ ಕೊರೆದ ಹಲ್ಲು, ಬಾಯ್ತುಂಬ ಹತ್ತಿ ಇಟ್ಟುಕೊಂಡು ಬೆಂಚಿನ ಮೇಲೆ ಸಾಲಾಗಿ ಕೂತಿರುತ್ತಿದ್ದರು. ಒಂದೊಂದು ಸಲ ಮಾತಾಡಿಯೂ ಕೊಳ್ಳುತ್ತಿದ್ದರು, ಎಲ್ಲರ ಬಾಯಲ್ಲೂ ಹತ್ತಿಯಿದ್ದುದರಿಂದ ಯಾರಿಗೂ ಬೇಜಾರಾಗುತ್ತಿರಲಿಲ್ಲ.

ಆ ಬುಧವಾರ ನಾನು ಬೇಗ ಮನೆಗೆ ಬಂದೆ, ಗಂಡ ಫೋನು ಮಾಡಿ ಕರೆದಿದ್ದರು. ರಾತ್ರಿಯಿಡೀ ರೈಲಿನಲ್ಲಿ ಹೋದರೆ ಸಿಗುವ ಗಣಿ ಕಂಪನಿಯ ಆಸ್ಪತ್ರೆಯಲ್ಲಿ ಅವರಿಗೊಂದು ಕೆಲಸ ಸಿಕ್ಕಿತ್ತು. ಅಲ್ಲಿ ಕಂಪನಿಯದೇ ವಿದ್ಯುತ್ತು. ಮುಂದಿನ ಸೋಮವಾರದೊಳಗೆ ಬರುತ್ತೇನೆ, ಇಲ್ಲವೇ ಬರುವುದಿಲ್ಲ ಎಂದು ತಿಳಿಸಬೇಕಿತ್ತು.

“ನಾನು ಬರೋಕಾಗಲ್ಲ ರೀ, ನನ್ನ ಕೆಲಸ ಇಲ್ಲಿದೆ” ಎಂದೆ.

“ನಂದೂ ಇಲ್ಲೇ ಇತ್ತು. ಏಳು ಗಂಟೆಗೆ ಎದ್ದು ಹೋಗುತ್ತೆ, ಏನ್ಮಾಡ್ಲಿ?”

ಅತ್ತೆ ಬಾಗಿಲಿಂದಲೇ ಹೇಳಿದರು. “ನಾನಂತೂ ಈ ಸ್ಟೂಲು ಬಿಟ್ಟು ಎಲ್ಲೂ ಬರಲ್ಲ. ಅವನು ಅಲ್ಲಿ, ನೀನು ಆಫೀಸಲ್ಲಿ, ನಾನಿಲ್ಲಿ ಒಬ್ಬಳೇ ಹಲ್ಲು ಕೀಳ್ತೀನಿ, ಬಿಡಿ.”

ಗಂಡ ನನ್ನ ಮುಂದೆ ಕುರ್ಚಿ ಎಳೆದುಕೊಂಡು ಕೂತರು. “ಇಪ್ಪತ್ತು ವರ್ಷದ್ದು ಬರೆಯೋಳು ನೀನು. ನಾನು ಬೇರೆ ಯಾರನ್ನ ಕೇಳ್ಲಿ? ಏಳಕ್ಕೆ ಕರೆಂಟ್ ಬರುತ್ತಾ ಇಲ್ವಾ, ಒಂದೇ ಮಾತಲ್ಲಿ ಹೇಳು. ಬರುತ್ತೆ ಅಂದ್ರೆ ಇಲ್ಲೇ ಇರ್ತೀನಿ.”

ನನಗೆ ಹೆಮ್ಮೆಯೇ ಆಯಿತು. ಅವರ ಔಷಧ ಚೀಟಿಯ ಹಿಂದೆ ಗೆರೆ ಎಳೆದು ತೋರಿಸತೊಡಗಿದೆ. ಇದು ಬೆಳಗ್ಗೆ, ಇದು ಮಧ್ಯಾಹ್ನ, ಇಲ್ಲೆಲ್ಲ ಬಿಸಿಲು ಧಾರಾಳ.

“ಇಲ್ಲಿ ಇದೇನು ಹೀಗೆ ಬಿದ್ದೋಗಿದೆ?” ಎಂದು ಅವರು ಹಳ್ಳದ ಮೇಲೆ ಬೆರಳಿಟ್ಟರು.

“ಅದಾ, ಏಳರಿಂದ ಎಂಟು. ಆ ಹೊತ್ತಲ್ಲಿ ಜನ ವಿಶ್ರಾಂತಿ ತಗೋತಾರೆ. ಅದೊಂದು ಸಾಂಸ್ಕೃತಿಕ...”

ಕರೆಂಟು ಹೋಯಿತು.

ಕಂಪ್ರೆಸರ್ ನಿಟ್ಟುಸಿರು ಬಿಟ್ಟು ನಿಂತಿತು. ಕತ್ತಲಲ್ಲಿ ಅತ್ತೆಯ ದನಿ ಕೇಳಿತು. “ವಿಶ್ರಾಂತಿ ಶುರುವಾಯ್ತು ನೋಡಿ.”

ಗಂಡನ ಬೆರಳು ಇನ್ನೂ ಹಳ್ಳದ ಮೇಲೇ ಇತ್ತು. ಇಷ್ಟು ವರ್ಷ ನಾನು ಎಳೆದ ಆ ಗೆರೆಯ ತಳದಲ್ಲಿ ನಾನೇ, ನನ್ನ ಅತ್ತೆಯ ಜೊತೆ, ಬೆಂಚಿನ ಮೇಲೆ ಬಾಯಿಗೆ ಹತ್ತಿ ತುಂಬಿಕೊಂಡ ಮೂವರ ಜೊತೆ ಕೂತಿದ್ದೇನೆ ಎಂದು ನನಗೆ ಆಗ ಹೊಳೆಯಿತು. ಜನ ಬಳಸುತ್ತಿರಲಿಲ್ಲವೆಂದಲ್ಲ. ಬಳಸಲು ಇರಲಿಲ್ಲ. ನಾವು ಬೇಡಿಕೆಯೆಂದು ಬರೆದುಕೊಂಡದ್ದು ಕೊಟ್ಟದ್ದರ ಲೆಕ್ಕವನ್ನು ಮಾತ್ರ. ಬಡಿಸದೆ ಎಲೆ ನೋಡಿ, ಇವರಿಗೆ ಹಸಿವಿಲ್ಲ ಎಂದಂತೆ.

ಮಾರನೆಯ ಬೆಳಗ್ಗೆ ನೇರ ಎರಡನೇ ಮಹಡಿಗೆ ಹೋದೆ. ಯಾವ ಬೀದಿಗೆ ಯಾವಾಗ ಕರೆಂಟು ಎಂದು ನಿರ್ಧರಿಸುವ ವಿತರಣಾ ವಿಭಾಗ ಅಲ್ಲಿತ್ತು. ನಮಗೂ ಅವರಿಗೂ ಲಿಫ್ಟಿನಲ್ಲಿ ನಗುವಷ್ಟೇ ಬಳಕೆ. ಅಲ್ಲಿನ ಮುಖ್ಯಸ್ಥರನ್ನು ಇಡೀ ಭವನ ಫ್ಯೂಸಣ್ಣ ಎನ್ನುತ್ತಿತ್ತು, ಅವರಿಗೂ ಅದು ಒಪ್ಪಿಗೆಯಾಗಿತ್ತು.

“ಫ್ಯೂಸಣ್ಣ, ಏಳು ಗಂಟೆಗೆ ಯಾಕೆ ತೆಗೀತೀರಿ?”

“ತೆಗೆಯೋದಾ? ನಾವು ತೆಗೆಯೋರಲ್ಲಮ್ಮ. ಬೇಡದೋರಿಗೆ ಕೊಡಲ್ಲ, ಅಷ್ಟೆ.”

“ಬೇಡ ಅಂತ ಯಾರು ಹೇಳಿದ್ರು?”

“ನೀವೇ” ಎಂದು ಅವರು ಮೇಜಿನ ಮೇಲಿದ್ದ ನಮ್ಮ ವಿಭಾಗದ ವಾರ್ಷಿಕ ಅಂದಾಜನ್ನು ನನ್ನ ಕಡೆ ತಿರುಗಿಸಿದರು. ನಾನೇ ಎಳೆದ ಹಳ್ಳ ನನ್ನನ್ನೇ ನೋಡುತ್ತಿತ್ತು. “ನಾಲ್ಕನೇ ಮಹಡಿ ಏಳಕ್ಕೆ ಬೇಡ ಅಂತ ಬರೆದಿರುತ್ತೆ. ನಾವು ಕೊಡಲ್ಲ.”

“ನೀವು ಕೊಡಲ್ಲ ಅಂತ ಅಲ್ವಾ ಅಣ್ಣ ನಮ್ಮ ಲೆಕ್ಕದಲ್ಲಿ ಬೇಡ ಅಂತ ಬರೋದು?”

ಫ್ಯೂಸಣ್ಣ ಅಂದಾಜನ್ನು ಮತ್ತೆ ತಮ್ಮ ಕಡೆ ತಿರುಗಿಸಿಕೊಂಡರು. “ಇರಬಹುದು. ನಾನು ಹೊಸದಾಗಿ ಸೇರಿದಾಗ ಕರೆಂಟ್ ತಯಾರಿಸೋ ದೊಡ್ಡ ಯಂತ್ರ ಒಂದು ಕೆಟ್ಟು, ಒಂದಷ್ಟು ದಿನ ಏಳಕ್ಕೆ ನಿಲ್ಲಿಸಿದ್ವಿ. ಯಂತ್ರ ಸರಿಹೋಯ್ತು. ಆದ್ರೆ ಅಷ್ಟರಲ್ಲಿ ನಿಮ್ಮ ಅಂದಾಜು ಬಂತು, ಏಳಕ್ಕೆ ಬೇಡ ಅಂತ. ಮೇಲಿನೋರು ಹೇಳಿದ ಮೇಲೆ ನಾವ್ಯಾರು ಬಲವಂತ ಮಾಡೋಕೆ? ಆಮೇಲೆ ಆ ಯಂತ್ರಾನೂ ಗುಜರಿಗೆ ಹೋಯ್ತು.”

ಒಂದು ಯಂತ್ರದ ರಿಪೇರಿ ಎರಡು ಮಹಡಿಗಳ ನಡುವೆ ಮೆಟ್ಟಿಲು ಹತ್ತಿ ಇಳಿದು ಒಂದು ನಾಗರಿಕತೆಯ ಲಕ್ಷಣವಾಗಿತ್ತು.

ನಿರ್ದೇಶಕರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಒಂದು ಕೈಯನ್ನು ಕೆನ್ನೆಗೆ ಒತ್ತಿಕೊಂಡು ಕೇಳಿದರು. ಒಂದು ವಾರದಿಂದ ಅವರಿಗೆ ಹಲ್ಲುನೋವು.

“ನೋಡಮ್ಮ, ಕಡಿತ ಅನ್ನೋ ಪದ ನಮ್ಮಲ್ಲಿ ಇಲ್ಲ. ಅದನ್ನ ಬರೆದ್ರೆ ಎರಡನೇ ಮಹಡಿ ಮೇಲೆ ದೂರು ಕೊಟ್ಟ ಹಾಗೆ. ಅವರ ಮೇಲಿನೋರೂ ನಮ್ಮ ಮೇಲಿನೋರೂ ಒಬ್ಬರೇ. ಆಮೇಲೆ, ನಮ್ಮನೇಲಿ ಒಂದು ದಿನವೂ ಹೋಗಿಲ್ವಲ್ಲ.”

ಅವರ ಮನೆ ಮಂತ್ರಿಗಳ ಬೀದಿಯಲ್ಲಿತ್ತು, ವಿದ್ಯುತ್ ಭವನದ ಲೈನೇ ಅಲ್ಲಿಗೂ. ಸೂರ್ಯನಿಗೆ ಕತ್ತಲು ತೋರಿಸಿ ಎಂದರೆ ಯಾವ ಕಡೆ ತಿರುಗಿಸುವುದು? ನಾನು ಹೇಳಿದೆ, “ಸರ್, ಹಲ್ಲು ತುಂಬ ದಿನ ಬಿಡಬಾರದು. ಸಂಜೆ ನಮ್ಮ ಮನೆಯವರ ಹತ್ತಿರ ಬನ್ನಿ.”

ಗಂಡನನ್ನು ಒಪ್ಪಿಸುವುದು ಕಷ್ಟವಾಯಿತು. “ಅರ್ಧಕ್ಕೆ ನಿಲ್ಲುತ್ತೆ ಅಂತ ಗೊತ್ತಿದ್ದೂ ಶುರು ಮಾಡೋದಾ? ನಮ್ಮ ವೃತ್ತೀಲಿ ಇದನ್ನ ಪಾಪ ಅಂತಾರೆ.”

“ನಮ್ಮ ವೃತ್ತೀಲಿ ಪ್ರಾತ್ಯಕ್ಷಿಕೆ ಅಂತಾರೆ.”

ನಿರ್ದೇಶಕರು ಬಂದರು, ಟೋಕನ್ ತೆಗೆದುಕೊಂಡರು, ಕುರ್ಚಿಯಲ್ಲಿ ಒರಗಿದರು. ಅತ್ತೆ ಗಡಿಯಾರ ನೋಡುತ್ತ, ಸಾಹೇಬರ ಯೋಗಕ್ಷೇಮ ಎಷ್ಟು ಬೇಕೋ ಅಷ್ಟು ಎಳೆದು ಎಳೆದು ವಿಚಾರಿಸಿದರು. ಯಂತ್ರ ಹಲ್ಲಿಗಿಳಿದು ಸ್ವಲ್ಪ ಹೊತ್ತಾಗಿತ್ತಷ್ಟೆ, ಏಳು ಹೊಡೆಯಿತು. ಕತ್ತಲು. ಗಂಡ ನಿಜವಾದ ಸಂಕಟದಿಂದ “ಕ್ಷಮಿಸಿ ಸರ್, ಎಂಟರವರೆಗೆ ಇಷ್ಟೇ” ಎಂದು ಹತ್ತಿ ತುರುಕಿದರು.

ಈಗ ಗೊತ್ತಾಗುತ್ತದೆ ಎಂದು ನಾನು ಕಾದೆ. ನಿರ್ದೇಶಕರು ಎದ್ದು ತಡವುತ್ತ ಹೊರಗೆ ಬಂದರು. ಬೀದಿಯಲ್ಲಿ ಜನ ಮನೆಗಳಿಂದ ಇಳಿದು ಮೆಟ್ಟಿಲ ಮೇಲೆ ಕೂರುತ್ತಿದ್ದರು. ಎದುರುಮನೆಯ ದರ್ಜಿ ಹೊಲಿಗೆ ಯಂತ್ರ ಬಿಟ್ಟು ಬಂದು ಮೈಮುರಿಯುತ್ತಿದ್ದ. ಯಾರೋ ಯಾರಿಗೋ ಬೀಸಣಿಗೆ ಕೊಟ್ಟರು. ಯಾರೋ ನಕ್ಕರು. ನಿರ್ದೇಶಕರು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಆಮೇಲೆ ಹತ್ತಿಯ ಸಂದಿಯಿಂದ ಹೇಳಿದ್ದನ್ನು ನಾನು ಬಿಡಿಸಿ ಬರೆಯುತ್ತೇನೆ.

“ಆ ಸಲಹೆಗಾರ ಒಂದಕ್ಷರ ಸುಳ್ಳು ಬರೆದಿಲ್ಲಮ್ಮ. ಎಂಥ ಶಾಂತಿ. ಇಷ್ಟು ವರ್ಷ ಕಾಗದದ ಮೇಲೆ ನೋಡ್ತಿದ್ದೆ, ಇವತ್ತು ಕಣ್ಣಾರೆ ನೋಡಿದೆ.”

ಅತ್ತೆಗೆ ತಡೆಯಲಾಗಲಿಲ್ಲ. “ಸಾಹೇಬರೇ, ಒಳಗೆ ಕತ್ತಲು, ಸೆಕೆ. ಹೊರಗೆ ಬರದೆ ಗೋಡೆ ನೆಕ್ತಾ ಕೂರ್ತಾರಾ?”

“ಅಮ್ಮ, ನಿಮಗೆ ಅಭ್ಯಾಸ ಆಗ್ಬಿಟ್ಟಿದೆ. ಅದಕ್ಕೇ ಇದರ ಬೆಲೆ ಗೊತ್ತಾಗ್ತಿಲ್ಲ.”

ಎಂಟಕ್ಕೆ ಹಲ್ಲು ತುಂಬಿಸಿಕೊಂಡು, ಬಹಳ ತೃಪ್ತಿಯಿಂದ ಹೊರಟುಹೋದರು. ಗಂಡ ಕೈ ತೊಳೆಯುತ್ತ “ನಿನ್ನ ಪ್ರಾತ್ಯಕ್ಷಿಕೆ ಚೆನ್ನಾಗಿತ್ತು” ಎಂದರು. ಅಟ್ಟದಿಂದ ಸೂಟ್‌ಕೇಸ್ ಇಳಿಸಿ ಧೂಳು ಒರೆಸಿದರು. ಬಟ್ಟೆ ತುಂಬಲಿಲ್ಲ, ಮುಚ್ಚಳ ತೆರೆದು ಗಾಳಿಗಿಟ್ಟರು.

ನಿಜ ಹೇಳಿದರೆ ನಡೆಯದ ಕಡೆ ನಿಯಮ ಹೇಳಬೇಕು. ಶುಕ್ರವಾರ ಬೆಳಗ್ಗೆ ಸರಾಸರಿಯ ಮೇಜಿಗೆ ಹೋದೆ. ನಮ್ಮಲ್ಲಿ ಮೀಟರ್ ಕೆಟ್ಟು ಯಾವುದಾದರೂ ಗಂಟೆಯ ಅಂಕಿ ಬರದಿದ್ದರೆ, ಅದರ ಹಿಂದಿನ ಮತ್ತು ಮುಂದಿನ ಗಂಟೆಗಳ ಸರಾಸರಿಯನ್ನು ಅಲ್ಲಿ ತುಂಬುವ ಪದ್ಧತಿ. ಆ ತುಂಬುವ ಕೆಲಸ ಅವನದೇ, ಅವನ ಬದುಕಿನ ದೊಡ್ಡ ಸುಖವೂ ಅದೇ.

“ಏಳು ಗಂಟೆಯದ್ದೆಲ್ಲ ಮೀಟರ್ ದೋಷ ಅಂತ ಹಾಕಿಬಿಡು” ಎಂದೆ.

“ಎಲ್ಲಾ ವರ್ಷದ್ದೂ? ದಿನಾ ಅದೇ ಗಂಟೆಗೆ ಕೆಡೋ ಮೀಟರಾ? ಸುಳ್ಳಾಗಲ್ವಾ ಮೇಡಂ?”

“ಈಗ ಅಲ್ಲಿರೋ ಅಂಕಿ ಮಾತ್ರ ನಿಜವಾ? ಕಡಿತ ಅಂತ ಕಾಲಂ ಇದ್ಯಾ, ಹೇಳು.”

“ಇಲ್ಲ. ರಜಾ ದಿನ ಇದೆ. ಬಿರುಗಾಳಿ ಇದೆ. ಮೀಟರ್ ದೋಷ ಇದೆ.”

“ಮತ್ತೆ?”

ಸರಾಸರಿ ಪರದೆಯನ್ನು ನೋಡಿದ. ಅವನ ಮುಖ ಮೆಲ್ಲಗೆ ಅರಳಿತು. “ನಿಜ ಹೇಳ್ಲಾ ಮೇಡಂ, ಆ ಹಳ್ಳ ನಂಗೆ ಮೊದಲಿಂದ ಇಷ್ಟ ಇಲ್ಲ. ಎಲ್ಲಾ ಸರಾಸರೀನೂ ಕೆಳಗೆ ಎಳೀತಿತ್ತು.”

ಮಧ್ಯಾಹ್ನದೊಳಗೆ ಹಳ್ಳ ತುಂಬಿ, ಅಲ್ಲೊಂದು ಗುಡ್ಡವೇ ಎದ್ದಿತ್ತು. ಇಡೀ ದಿನದ ಅತಿ ಎತ್ತರದ ಜಾಗ ಈಗ ಸಂಜೆಯೇ, ಏಳು ಗಂಟೆಯೂ ಸೇರಿ. ಹೊಸ ಅಂಕಿಗಳನ್ನು ಕಂಪ್ಯೂಟರಿಗೆ ಕೊಟ್ಟೊಡನೆ ಅದು ನಮ್ಮ ಬರೀ ಬಿಸಿಲಿನ ಯೋಜನೆಯನ್ನು ಉಗುಳಿತು. ಗುಡ್ಡದ ಮೇಲಿನ ಕೆರೆ ಬೇಕೆಂದಿತು. ಗಾಳಿಯನ್ನು ವರ್ಷದ ಸರಾಸರಿಯಲ್ಲಿ ಕೊಡಬೇಡಿ, ಗಂಟೆ ಗಂಟೆಯದ್ದು ಕೊಡಿ ಎಂದಿತು. ಸರಾಸರಿ ಅರ್ಧ ದಿನ ಮಂಕಾಗಿ ಕೂತಿದ್ದ.

ನಿರ್ದೇಶಕರು ಹೊಸ ನಕ್ಷೆಯನ್ನು ತಿರುವಿ ತಿರುವಿ ನೋಡಿದರು. “ವಿರಾಮ ಎಲ್ಲಿ?”

“ಮೀಟರ್ ದೋಷ ಸರ್.”

ಕಡಿತ ಎಂದಾಗ ಎದ್ದ ಗಾಬರಿ ಈಗ ಏಳಲಿಲ್ಲ. ದೋಷಕ್ಕೆ ಕಾಲಂ ಇತ್ತು. ಆದರೂ ಅವರಿಗೆ ಮನಸ್ಸು ಬಾರದು. “ನಾನು ಕಣ್ಣಾರೆ ನೋಡಿದೆನಲ್ಲಮ್ಮ. ಒಂದು ಕೆಲಸ ಮಾಡೋಣ. ಇವತ್ತು, ನಾಳೆ ಒಂದು ಲೈನಿಗೆ ಏಳಕ್ಕೂ ಕರೆಂಟ್ ಕೊಡೋಕೆ ಹೇಳ್ತೀನಿ. ಜನ ಬಳಸಿದ್ರೆ ನಿನ್ನ ಗುಡ್ಡಕ್ಕೆ ಸಹಿ, ಕೆರೆಗೂ ಸಹಿ. ಬಳಸದಿದ್ರೆ ಹಳೇ ಯೋಜನೆಗೆ. ವೈಜ್ಞಾನಿಕವಾಗಿರುತ್ತೆ.”

ಯಾವ ಲೈನೆಂದು ಆರಿಸುವುದು ನನಗೇ ಬಿಟ್ಟರು. ನಾನು ಬಹಳ ಯೋಚಿಸಲಿಲ್ಲ.

ಫ್ಯೂಸಣ್ಣ ಗೊಣಗಿದರು. “ಪಕ್ಕದ ರಾಜ್ಯದಿಂದ ಕೊಂಡು ತರಬೇಕು. ಆಯ್ತು. ನಿಮ್ಮ ಅಂದಾಜಲ್ಲಿ ಬೇಕು ಅಂತ ಬಂದ್ರೆ ದಿನಾ ತಂದು ಕೊಡ್ತೀನಿ, ಕೆರೆ ಆಗೋವರೆಗೂ. ನಿಯಮ ನಿಯಮವೇ. ಬೇಡ ಅಂತ ಬಂದ್ರೆ ಮಾತ್ರ ಇನ್ನೊಂದು ಸಲ ನನ್ನ ಹತ್ತಿರ ಬರಬೇಡಿ.”

ಮನೆಗೆ ಬಂದು ಗಂಡನಿಗೆ ಹೇಳಿದೆ. ಎರಡು ಸಂಜೆ, ಅದರಲ್ಲಿ ಎಲ್ಲ ತೀರ್ಮಾನ. ಅವರು ತಲೆಯಾಡಿಸಿದರು. ಆದರೆ ಸಂಜೆ ಏಳಕ್ಕೆ ಮುಂಚೆ, ಅವರ ಕೈ ತಾನಾಗಿ ಯಂತ್ರ ಹಿಂತೆಗೆದು ಹತ್ತಿ ತುರುಕಿ, ಗ್ಲೌಸು ಬಿಚ್ಚಿಬಿಟ್ಟಿತು. ಅಭ್ಯಾಸ. ಅತ್ತೆ ಏಳು ಗಂಟೆಗೆ ಯಾರಿಗೂ ಟೋಕನ್ನೇ ಕೊಟ್ಟಿರಲಿಲ್ಲ. ಅಭ್ಯಾಸ.

ಏಳು ಹೊಡೆಯಿತು. ದೀಪ ಆರಲಿಲ್ಲ. ನಾನು ಬಾಗಿಲಿಗೆ ಓಡಿದೆ.

ಬೀದಿಯ ಜನವೆಲ್ಲ ಎಂದಿನಂತೆ ಇಳಿದು ಬಂದು ಮೆಟ್ಟಿಲ ಮೇಲೆ ಕೂತಿದ್ದರು. ಬೀದಿದೀಪದ ಬೆಳಕಿನಲ್ಲಿ ಒಬ್ಬರ ಮುಖ ಒಬ್ಬರಿಗೆ ಕಂಡು ಸ್ವಲ್ಪ ನಾಚಿಕೆಯಾದಂತಿತ್ತು. ಇಷ್ಟೇ ಅಲ್ಲ, ಎಲ್ಲರೂ ಹೊರಡುವ ಮುನ್ನ ಮನೆಯ ಮೇನ್ ಸ್ವಿಚ್ಚನ್ನೂ ಆರಿಸಿ ಬಂದಿದ್ದರು.

“ಯಾಕೆ ಆರಿಸಿದ್ರಿ? ಕರೆಂಟ್ ಇದೆಯಲ್ಲ” ಎಂದೆ ದರ್ಜಿಗೆ.

“ಹೋಗುತ್ತೆ ಬಿಡಿ ಅಕ್ಕ. ಹೋಗಿ ವಾಪಸ್ ಬರುವಾಗ ಜೋರಾಗಿ ಬರುತ್ತೆ, ಮೋಟರ್ ಸುಟ್ಟುಹೋಗುತ್ತೆ. ನಾವು ಎಷ್ಟು ಸಲ ಸುಟ್ಟಿಲ್ಲ?”

“ಇವತ್ತು ಹೋಗಲ್ಲ. ನಾನು ಹೇಳ್ತಿದ್ದೀನಲ್ಲ, ನಾನು ಕರೆಂಟ್ ಆಫೀಸಿನವಳು.”

“ಅದಕ್ಕೇ ಅಕ್ಕ ಭಯ.”

ಎಂಟಕ್ಕೆ ಫ್ಯೂಸಣ್ಣನ ಫೋನು ಬಂತು. “ಏನಮ್ಮ, ಕೊಟ್ಟೆ, ಮುಟ್ಟಲೇ ಇಲ್ವಲ್ಲ ನಿಮ್ಮ ಜನ. ಹಳ್ಳ ಹಳ್ಳವೇ.” ಅವರ ಹಿಂದೆಯೇ ನಿರ್ದೇಶಕರದು. ಅವರ ದನಿಯಲ್ಲಿ ಹಲ್ಲುನೋವಿನ ಸುಳಿವೂ ಇರಲಿಲ್ಲ.

ಶನಿವಾರ ಬೆಳಗಿನಿಂದ ನಾನು ಮನೆಮನೆಗೆ ಹೋದೆ. ಇವತ್ತು ಏಳಕ್ಕೆ ಕರೆಂಟ್ ಖಂಡಿತ ಇರುತ್ತೆ, ದಯವಿಟ್ಟು ಬಳಸಿ ಎಂದು ಕೈಮುಗಿದೆ. ಇಸ್ತ್ರಿ ಅಂಗಡಿಯಾಕೆ ನನ್ನನ್ನು ಕೂರಿಸಿ ನೀರು ಕೊಟ್ಟರು, ಮೈಗೆ ಹುಷಾರಿಲ್ಲವೇ ಎಂದು ಕೇಳಿದರು. ಹಿಟ್ಟಿನ ಗಿರಣಿಯವರು ಹಾಗಿದ್ದರೆ ಏನೋ ಮೋಸವಿದೆ ಎಂದು ಗಿರಣಿಗೆ ಮಧ್ಯಾಹ್ನವೇ ಬೀಗ ಹಾಕುವ ಮಾತಾಡಿದರು. ಸೋತು ಬಂದು ಬೆಂಚಿನ ಮೇಲೆ ಕೂತೆ. ಒಳಗೆ ಗಂಡ ಪುಸ್ತಕಗಳನ್ನು ಸೂಟ್‌ಕೇಸಿಗೆ ಹಾಕುವ ಸದ್ದು ಕೇಳುತ್ತಿತ್ತು.

ಅತ್ತೆ ಟೋಕನ್ ಬಿಲ್ಲೆಗಳನ್ನು ಜೋಡಿಸುತ್ತ ಕೇಳಿದರು. “ಏನಂತ ಹೇಳಿದೆ ಅವರಿಗೆ?”

“ಕರೆಂಟ್ ಇರುತ್ತೆ ಅಂತ.”

“ಇಷ್ಟು ಓದಿ ಇಷ್ಟೇನಾ? ಕರೆಂಟ್ ಇರುತ್ತೆ ಅಂದ್ರೆ ಈ ಊರಲ್ಲಿ ಯಾರು ನಂಬ್ತಾರೆ?” ಬಿಲ್ಲೆಗಳನ್ನು ಡಬ್ಬಿಗೆ ಸುರಿದು ಎದ್ದರು. “ನೀನು ಇಲ್ಲೇ ಕೂತ್ಕೊ, ನೋಯೋರು ಬಂದ್ರೆ ಬಿಲ್ಲೆ ಕೊಡು. ಮುಖ ಹೀಗಿಟ್ಕೋಬೇಡ, ಬಂದೋರು ತಮ್ಮ ಹಲ್ಲೇ ವಾಸಿ ಅಂತ ವಾಪಸ್ ಹೋಗ್ತಾರೆ.”

ಅವರು ಸಂಜೆಯವರೆಗೂ ಬರಲಿಲ್ಲ. ಬಂದವರು ಸ್ಟೂಲಿನ ಮೇಲೆ ಕೂತು ಕಾಲು ಒತ್ತಿಕೊಂಡರು.

ಏಳಾಗುವುದಕ್ಕೆ ಸ್ವಲ್ಪ ಮೊದಲು ಬೀದಿಯಲ್ಲಿ ಏನೋ ಶುರುವಾಯಿತು. ಮೊದಲು ದರ್ಜಿಯ ಹೊಲಿಗೆ ಯಂತ್ರ, ಅದೂ ಒಂದಲ್ಲ, ಅಂಗಡಿಯಲ್ಲಿದ್ದ ಎಲ್ಲವೂ. ಆಮೇಲೆ ಹಿಟ್ಟಿನ ಗಿರಣಿ ಗುಡುಗತೊಡಗಿತು. ಮೇಲಿನ ಮನೆಗಳಲ್ಲಿ ಮಿಕ್ಸಿ, ತಾರಸಿಗಳಿಗೆ ನೀರು ಏರಿಸುವ ಪಂಪು, ಬಟ್ಟೆ ಒಗೆಯುವ ಯಂತ್ರ. ಇಸ್ತ್ರಿ ಅಂಗಡಿಯಾಕೆ ಗಂಡನನ್ನೂ ಎಳೆದು ತಂದು ಎರಡೆರಡು ಇಸ್ತ್ರಿ ಪೆಟ್ಟಿಗೆ ಉಜ್ಜುತ್ತಿದ್ದರು. ಮೆಟ್ಟಿಲ ಮೇಲೆ ಒಂದು ನಾಯಿ ಬಿಟ್ಟರೆ ಒಬ್ಬರಿಲ್ಲ. ಮೂಲೆಯ ಟ್ರಾನ್ಸ್‌ಫಾರ್ಮರ್ ಹೊಟ್ಟೆನೋವಿನವರಂತೆ ಮುಲುಗುತ್ತಿತ್ತು.

“ಅತ್ತೆ, ಏನಂತ ಹೇಳಿದ್ರಿ?”

“ಏನಿಲ್ಲಪ್ಪ. ಸೊಸೆ ಆಫೀಸಲ್ಲಿ ಗುಟ್ಟಾಗಿ ಮಾತಾಡ್ತಿದ್ರಂತೆ, ಇವತ್ತು ಏಳರ ಬದಲು ಎಂಟಕ್ಕೆ ಹೋಗುತ್ತಂತೆ, ಹೋದ್ರೆ ನಾಳೆ ಬೆಳಗ್ಗೆವರೆಗೂ ಕರೆಂಟ್ ಬರಲ್ಲವಂತೆ, ಯಾರಿಗೂ ಹೇಳ್ಬೇಡಿ ಅಂದೆ. ಏನಿದ್ರೂ ಎಂಟರೊಳಗೆ ಮುಗಿಸ್ಕೊಳ್ಳಿ ಅಂದೆ. ಒಬ್ಬರಾದ್ರೂ ಯಾಕೆ ಅಂತ ಕೇಳ್ಲಿಲ್ಲ ನೋಡು.”

ನಾನು ಕ್ಲಿನಿಕ್ಕಿನ ಒಳಗೆ ಹೋದೆ. ಇಡೀ ಬೀದಿಯಲ್ಲಿ ಸುಮ್ಮನಿದ್ದ ಯಂತ್ರ ಅದೊಂದೇ. ಕುರ್ಚಿ ಖಾಲಿ. ಗಂಡ ಗ್ಲೌಸು ಬಿಚ್ಚಿ ಕಿಟಕಿಯ ಬಳಿ ನಿಂತು ಗದ್ದಲ ಕೇಳುತ್ತಿದ್ದರು. ನಾನು ಕುರ್ಚಿ ಹತ್ತಿ ಒರಗಿ ಬಾಯಿ ತೆರೆದೆ.

“ಏನಿದು?”

“ಯಾವುದಾದ್ರೂ ಒಂದು ಹಲ್ಲು ಕೊರೀರಿ. ಕಂಪ್ರೆಸರ್ ಓಡಬೇಕು, ಅದೇ ದೊಡ್ಡ ಲೋಡು.”

“ಲೆಕ್ಕಕ್ಕೋಸ್ಕರ ಹಲ್ಲು ಕೊರೀತಾರಾ? ಹುಚ್ಚೀ” ಎನ್ನುತ್ತ, ಬಾಯಿ ತೆರೆದಿರುವುದನ್ನು ಕಂಡರೆ ಇಣುಕದೆ ಇರಲಾಗದ ಜಾತಿಯವರಾದ್ದರಿಂದ ಇಣುಕಿದರು. ಕನ್ನಡಿ ಹಿಡಿದರು. ಮುಖ ಗಂಭೀರವಾಯಿತು. “ಇದು ಯಾವಾಗಿಂದ?”

“ಯಾವುದು?”

“ದವಡೇಲಿ, ಇಷ್ಟು ದೊಡ್ಡ ತೂತು. ನೋಯ್ತಿರಲಿಲ್ವಾ?”

“ನೋಯ್ತಿತ್ತು. ಏಳಕ್ಕೆ ನೀವು ಕೆಲಸ ಮಾಡಲ್ಲ, ಎಂಟರ ಮೇಲೆ ಸುಸ್ತಾಗಿರ್ತೀರಿ.”

ಅವರು ಗ್ಲೌಸು ಹಾಕಿಕೊಂಡರು. ಕಂಪ್ರೆಸರ್ ಗುಡುಗುಡಿಸಿ ಎದ್ದಿತು. ಯಂತ್ರ ಹಲ್ಲಿಗಿಳಿಯಿತು. ನಮ್ಮ ಸಂಸಾರದಲ್ಲಿ ಏಳು ಗಂಟೆಗೆ ಇಷ್ಟು ಹತ್ತಿರವಿದ್ದು ಜೊತೆಯಾಗಿ ಏನನ್ನಾದರೂ ಮಾಡಿದ ನೆನಪು ನನಗಿರಲಿಲ್ಲ. ಫೋನು ಹೊಡೆದುಕೊಂಡಿತು. ಅತ್ತೆ ಅದನ್ನು ತಂದು ಮಗನ ಕಿವಿಗೆ ಹಿಡಿದರು. ಫ್ಯೂಸಣ್ಣನ ಕೂಗು ನನಗೂ ಕೇಳುವಷ್ಟು ದೊಡ್ಡದಿತ್ತು.

“ಡಾಕ್ಟ್ರೇ, ಏನ್ ನಡೀತಿದೆ ನಿಮ್ಮ ಬೀದೀಲಿ? ಗೆರೆ ಹಾಳೆ ದಾಟಿ ಮೇಲೆ ಹೋಗಿದೆ. ನಿಮ್ಮ ಮನೆಯೋರು ಎಲ್ಲಿ?”

“ಬಾಯಿ ತೆರ್ಕೊಂಡಿದ್ದಾಳೆ, ಮಾತಾಡೋ ಹಾಗಿಲ್ಲ.”

“ಸಾಕಂತೆ ಅಂತ ಹೇಳಿ. ನಿರ್ದೇಶಕರು ಇಲ್ಲೇ ಇದ್ದಾರೆ, ನೋಡ್ತಿದ್ದಾರೆ. ಸಹಿ ಮಾಡ್ತಾರಂತೆ. ಸ್ವಲ್ಪ ಇಳಿಸೋಕೆ ಹೇಳಿ, ನನ್ನ ಟ್ರಾನ್ಸ್‌ಫಾರ್ಮರ್ ಹೋಗುತ್ತೆ.”

ಅತ್ತೆ ಫೋನು ಇಟ್ಟರು. ಯಂತ್ರದ ಸದ್ದಿನ ನಡುವೆ ಗಂಡ, ಎಲ್ಲ ಹಲ್ಲಿನ ಡಾಕ್ಟರುಗಳಂತೆ, ಉತ್ತರಿಸಲಾಗದ ಹೊತ್ತಿನಲ್ಲೇ ಪ್ರಶ್ನೆ ಕೇಳತೊಡಗಿದರು. ದಿನಾ ಬರುತ್ತಾ ಇನ್ನು? ಆ ಕೆರೆ ಕಟ್ಟೋಕೆ ಎಷ್ಟು ವರ್ಷ ಬೇಕು? ಅಷ್ಟರೊಳಗೆ ಫ್ಯೂಸಣ್ಣ ಮಾತು ತಪ್ಪಿದ್ರೆ? ಸೋಮವಾರ ಆಸ್ಪತ್ರೆಗೆ ಏನಂತ ತಿಳಿಸ್ಲಿ?

ನಾನು ಗಂಟಲಿನಿಂದ ಏನೋ ಹೇಳಿದೆ.

“ಅಲ್ಲಾಡ್ಬೇಡ” ಎಂದರು. ಕೊರೆಯುತ್ತಲೇ ಬಾಗಿಲ ಕಡೆ ತಿರುಗದೆ ದನಿ ಎತ್ತರಿಸಿದರು. “ಅಮ್ಮ, ಸೋಮವಾರದಿಂದ ಏಳು ಗಂಟೆಗೂ ಟೋಕನ್ ಕೊಡು.”

“ಯಾವ ಸೋಮವಾರ?” ಎಂದರು ಅತ್ತೆ ಹೊರಗಿನಿಂದ. “ನಾಳೆ ಏಳಕ್ಕೇ ಇಬ್ಬರಿಗೆ ಕೊಟ್ಟಾಗಿದೆ. ಭಾನುವಾರ ರಜಾ ಅಂತ ಮಲಗ್ಬೇಡ.”